ಲೂಯಿ ಪಾಶ್ಚರ್: ಮಕ್ಕಳನ್ನು ಕಳೆದುಕೊಂಡ ತಂದೆ, ಮಕ್ಕಳನ್ನು ಉಳಿಸಿದ ವಿಜ್ಞಾನಿ



ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ವಿಜ್ಞಾನಿ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡದ್ದು ಇದೇ ದಿನ. ನಮ್ಮ ಧರ್ಮಕ್ಷೇತ್ರದ ಕೂನೂರಿನಲ್ಲಿ 1907ರಿಂದ ಇರುವ ಪಾಶ್ಚರ್ ಸಂಸ್ಥೆಗೆ ಅವರದೇ ಹೆಸರು.

ಪಾಶ್ಚರ್ 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಎಂಬ ಊರಿನ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವವರು. ಮಗ ಓದಿದ್ದು ರಸಾಯನಶಾಸ್ತ್ರ, ವೈದ್ಯಶಾಸ್ತ್ರವಲ್ಲ. ಹುಳಿಯುವುದಕ್ಕೂ ಕೊಳೆಯುವುದಕ್ಕೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ಅವರು ತೋರಿಸಿಕೊಟ್ಟರು. ಹದವಾಗಿ ಕಾಯಿಸಿ ಅವುಗಳನ್ನು ಕೊಲ್ಲುವ ವಿಧಾನಕ್ಕೆ ಪಾಶ್ಚರೀಕರಣ ಎಂಬ ಹೆಸರು ಬಂತು. ನಾವು ಕೊಳ್ಳುವ ಹಾಲಿನ ಪ್ಯಾಕೆಟ್ಟಿನಲ್ಲಿ ಆ ಹೆಸರು ಈಗಲೂ ಇದೆ.

ಮನೆಯಲ್ಲಿ ಮಾತ್ರ ದುಃಖದ ಮೇಲೆ ದುಃಖ. 1859ರಿಂದ 1866ರೊಳಗೆ ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ತೀರಿಕೊಂಡರು, ಅವರಲ್ಲಿ ಇಬ್ಬರು ಟೈಫಾಯ್ಡಿನಿಂದ. 1868ರಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಆಗ ಅವರಿಗೆ 45 ವರ್ಷ. ಅಂಥ ಸ್ಥಿತಿಯಲ್ಲೂ ರೇಷ್ಮೆಹುಳದ ಗಂಟುರೋಗದ ಸಂಶೋಧನೆಯನ್ನು ಅವರು ಬಿಡಲಿಲ್ಲ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದಿದ್ದರೆ ಮಾತ್ರ ಅದರ ಮೊಟ್ಟೆ ಉಳಿಸಿಕೊಳ್ಳುವ ಅವರ ಕ್ರಮವನ್ನು ಬಿತ್ತನೆ ಕೋಠಿಗಳು ಇಂದಿಗೂ ಅನುಸರಿಸುತ್ತವೆ.

ಹುಚ್ಚುನಾಯಿ ಕಚ್ಚಿದರೆ ವಿಷ ನರಗಳ ಮೂಲಕ ನಿಧಾನವಾಗಿ ಮಿದುಳಿಗೆ ಏರುತ್ತದೆ. ಅದು ಮಿದುಳು ತಲುಪುವ ಮೊದಲೇ ದೇಹಕ್ಕೆ ತಡೆಯುವ ಶಕ್ತಿ ಬಂದರೆ ಜೀವ ಉಳಿದೀತು ಎಂಬುದು ಪಾಶ್ಚರ್ ಅವರ ಯೋಚನೆ. ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರು. ಹೆಚ್ಚು ದಿನ ಒಣಗಿದಷ್ಟೂ ವಿಷದ ಬಲ ಕುಗ್ಗುತ್ತಿತ್ತು.

1885ರ ಜುಲೈ 6ರಂದು ಅಲ್ಸೇಸಿನ ತಾಯಿಯೊಬ್ಬಳು ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರ್‌ನನ್ನು ಕರೆತಂದಳು. ಮೈಮೇಲೆ 14 ಕಡಿತ. ಪ್ರಯೋಗ ಇನ್ನೂ ನಾಯಿಗಳ ಮೇಲೆ ನಡೆಯುತ್ತಿತ್ತು. ಲಸಿಕೆಯಿಂದಲೇ ಹುಡುಗ ಸತ್ತರೆ? ಸುಮ್ಮನಿದ್ದರೂ ಸಾಯಬಹುದಲ್ಲ? ಇಬ್ಬರು ವೈದ್ಯರನ್ನು ಕೇಳಿ ಪಾಶ್ಚರ್ ಒಪ್ಪಿಕೊಂಡರು. ತಾವು ವೈದ್ಯರಲ್ಲದ ಕಾರಣ ಚುಚ್ಚುಮದ್ದನ್ನು ಡಾಕ್ಟರ್ ಗ್ರಾಂಶೇ ಕೊಟ್ಟರು. ಹೆಚ್ಚು ಒಣಗಿದ ಹುರಿಯಿಂದ ಆರಂಭಿಸಿ ದಿನೇದಿನೇ ಹೊಸ ಹುರಿಯ ಕಡೆಗೆ, ಹತ್ತು ದಿನಗಳಲ್ಲಿ 13 ಚುಚ್ಚುಮದ್ದು. ಹುಡುಗ ಬದುಕಿದ.

ಅದೇ ವರ್ಷ ನವೆಂಬರಿನಲ್ಲಿ ಹತ್ತು ವರ್ಷದ ಲೂಯಿಸ್ ಪೆಲ್ಲತಿಯೇ ಎಂಬ ಹುಡುಗಿಯನ್ನು ಕರೆತಂದರು. ನಾಯಿ ತಲೆಗೆ ಕಚ್ಚಿ 37 ದಿನ ಕಳೆದಿತ್ತು. ಕಾಲ ಮೀರಿದೆ ಎಂದು ಪಾಶ್ಚರ್ ಅವರಿಗೆ ಗೊತ್ತಿತ್ತು. ಅವಳು ಸತ್ತರೆ ಲಸಿಕೆಗೇ ಕೆಟ್ಟ ಹೆಸರು. ಆದರೂ ಹೆತ್ತವರನ್ನು ವಾಪಸು ಕಳಿಸಲಾಗಲಿಲ್ಲ. ಅವಳು ಉಳಿಯಲಿಲ್ಲ. ಮೂರು ಮಕ್ಕಳನ್ನು ಮಣ್ಣುಮಾಡಿದ ತಂದೆಗೆ ಆ ಸಂಕಟ ಹೊಸದಾಗಿರಲಿಲ್ಲ. ನನಗೆ ಈ ಸೋಲಿನ ಕಥೆಯೇ ಮೈಸ್ಟರ್‌ನ ಕಥೆಗಿಂತ ದೊಡ್ಡದೆನಿಸುತ್ತದೆ. ಕಳೆದುಹೋದ ಒಂದು ಕುರಿಯನ್ನು ಹುಡುಕಿ ಹೋಗುವ ಕುರುಬನಿಗೆ ಲಾಭನಷ್ಟದ ಲೆಕ್ಕ ಇರುವುದಿಲ್ಲ.

ರೈಲಿನಲ್ಲಿ ಜಪಸರ ಹಿಡಿದು ಕುಳಿತ ಮುದುಕರೇ ಪಾಶ್ಚರ್ ಎಂಬ ಕಥೆ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಆ ಕಥೆ ಇಲ್ಲದೆಯೂ ಅವರ ಬದುಕು ಸಾಕ್ಷಿ ಹೇಳುತ್ತದೆ. ಕೊನೆಗಳಿಗೆಯಲ್ಲಿ ಅವರ ಒಂದು ಕೈ ಹೆಂಡತಿ ಮರಿಯವರ ಕೈಯಲ್ಲಿತ್ತು, ಇನ್ನೊಂದರಲ್ಲಿ ಶಿಲುಬೆ ಇತ್ತೆಂದು ಅವರ ಅಳಿಯ ಬರೆದಿದ್ದಾರೆ.

ಪ್ರಿಯರೇ, ನಮ್ಮ ಊರುಗಳಲ್ಲಿ ನಾಯಿ ಕಚ್ಚಿದರೆ ಇನ್ನೂ ಸುಣ್ಣ, ಅರಿಶಿನ, ಖಾರದಪುಡಿ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಳಿದ ದಿನಗಳಲ್ಲಿ ಎಲ್ಲ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದರೂ ಸರಿ. ಬೈಯುತ್ತಾರೆಂಬ ಹೆದರಿಕೆಯಿಂದ ಮಕ್ಕಳು ಕಡಿತವನ್ನು ಮುಚ್ಚಿಡುವುದುಂಟು. ಬೈಯುವುದಿಲ್ಲ, ಬಂದು ಹೇಳು ಎಂದು ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಅವರಿಗೆ ತಿಳಿಸಿ.