ವಕೀಲ ಅಬ್ರಹಾಂ ಲಿಂಕನ್

ಅಮೇರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಹೆಸರು ಕೇಳದವರು ವಿರಳ. ಆದರೆ ಆ ಪದವಿಗೇರುವ ಮೊದಲು ಅವರು 20ಕ್ಕೂ ಹೆಚ್ಚು ವರ್ಷ ವಕೀಲರಾಗಿ ದುಡಿದರೆಂಬುದು ಅನೇಕರಿಗೆ ತಿಳಿಯದು.

1809ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಅವರು ಜನಿಸಿದರು. 9ನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ಕೊಡಲಿ ಹಿಡಿದು ದುಡಿಯುತ್ತಲೇ ಎರವಲು ತಂದ ಪುಸ್ತಕಗಳನ್ನು ಓದಿದರು.

1831ರಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಹಳ್ಳಿಗೆ ಬಂದರು. ಅಲ್ಲಿ ಪಾಲುಗಾರಿಕೆಯಲ್ಲಿ ನಡೆಸಿದ ಅಂಗಡಿ ಮುಳುಗಿತು. ಪಾಲುಗಾರ ತೀರಿಕೊಂಡಾಗ ಅವನ ಪಾಲಿನ ಸಾಲವನ್ನೂ ಲಿಂಕನ್ನರೇ ಹೊತ್ತರು. ಅಂಚೆ ಕೆಲಸ, ಭೂಮಾಪನ ಮಾಡಿ ಹಲವು ವರ್ಷಗಳಲ್ಲಿ ಅದನ್ನು ತೀರಿಸಿದರು. 1832ರ ಚುನಾವಣೆಯಲ್ಲಿ ಸೋತವರು 1834ರಲ್ಲಿ ಗೆದ್ದು ರಾಜ್ಯದ ಶಾಸನಸಭೆ ಸೇರಿದರು. ತಾವಾಗಿಯೇ ಕಾನೂನು ಓದಿ 1836ರಲ್ಲಿ ವಕೀಲಿಯ ಸನ್ನದು ಪಡೆದರು.

ಆಗ ನ್ಯಾಯಾಧೀಶರು ಊರಿಂದೂರಿಗೆ ಹೋಗಿ ನ್ಯಾಯಾಲಯ ನಡೆಸುತ್ತಿದ್ದರು. ಲಿಂಕನ್ನರೂ ಕುದುರೆಯೇರಿ ಅವರೊಡನೆ ಸುತ್ತುತ್ತಿದ್ದರು. 1857ರಲ್ಲಿ ಡಫ್ ಆರ್ಮ್‌ಸ್ಟ್ರಾಂಗ್ ಎಂಬ ಯುವಕನ ಮೇಲೆ ಕೊಲೆಯ ಆರೋಪ ಬಂತು. ನ್ಯೂ ಸೇಲಂನ ಬಡತನದ ದಿನಗಳಲ್ಲಿ ಲಿಂಕನ್ನರಿಗೆ ಅನ್ನವಿಟ್ಟ ತಾಯಿಯ ಮಗನಾತ. ರಾತ್ರಿ 11 ಗಂಟೆಯ ಸುಮಾರಿಗೆ ಬೆಳದಿಂಗಳಲ್ಲಿ ಎಲ್ಲವನ್ನೂ ಕಂಡೆನೆಂದು ಸಾಕ್ಷಿಯೊಬ್ಬ ಹೇಳಿದ. ಲಿಂಕನ್ನರು ಆ ವರ್ಷದ ಪಂಚಾಂಗವನ್ನು ತೆರೆದು, ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದನೆಂದು ತೋರಿಸಿದರು. ಯುವಕ ಬಿಡುಗಡೆಯಾದ. ಅವರು ಒಂದು ಕಾಸನ್ನೂ ಪಡೆಯಲಿಲ್ಲ.

ಅವರ ವೃತ್ತಿಜೀವನದಲ್ಲಿ ಕುಂದುಗಳೇ ಇರಲಿಲ್ಲವೆಂದಲ್ಲ. 1847ರಲ್ಲಿ, ಗುಲಾಮರಾಗಿದ್ದ ತಾಯಿಮಕ್ಕಳನ್ನು ಮರಳಿ ಪಡೆಯಲು ಬಯಸಿದ ಒಡೆಯನೊಬ್ಬನ ಪರವಾಗಿಯೂ ಅವರು ವಾದಿಸಿದ್ದರು. ಆ ಮೊಕದ್ದಮೆಯಲ್ಲಿ ಅವರು ಸೋತರು, ತಾಯಿಮಕ್ಕಳು ಸ್ವತಂತ್ರರಾದರು.

1854ರಲ್ಲಿ ಹೊಸ ಪ್ರಾಂತ್ಯಗಳಿಗೂ ಗುಲಾಮಗಿರಿ ಹಬ್ಬಲು ದಾರಿಮಾಡಿದ ಕಾಯಿದೆ ಬಂದಾಗ ಅವರು ಅದನ್ನು ಪ್ರಬಲವಾಗಿ ವಿರೋಧಿಸಿದರು. 1858ರಲ್ಲಿ ಸ್ಟೀಫನ್ ಡಗ್ಲಸ್‌ರೊಡನೆ 7 ಊರುಗಳಲ್ಲಿ ಬಹಿರಂಗ ವಾದ ನಡೆಸಿದರು. ಸೆನೆಟ್ ಸ್ಥಾನ ದೊರೆಯದಿದ್ದರೂ ದೇಶವೆಲ್ಲ ಅವರ ಮಾತಿಗೆ ಕಿವಿಗೊಟ್ಟಿತು. 1860ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು.

ಮರುವರ್ಷ ಅಂತರ್ಯುದ್ಧ ಆರಂಭವಾಯಿತು. ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು 1863ರ ಜನವರಿ 1ರಂದು ಲಿಂಕನ್ನರು ಘೋಷಿಸಿದರು. 1865ರ ಏಪ್ರಿಲ್ 14ರಂದು ನಾಟಕಶಾಲೆಯಲ್ಲಿ ಗುಂಡೇಟು ತಿಂದು ಮರುದಿನ ಬೆಳಿಗ್ಗೆ ಅಸುನೀಗಿದರು. ಗುಲಾಮಗಿರಿಯನ್ನು ದೇಶದಿಂದಲೇ ಅಳಿಸುವ 13ನೆಯ ತಿದ್ದುಪಡಿ ಅದೇ ಡಿಸೆಂಬರಿನಲ್ಲಿ ಸಂವಿಧಾನ ಸೇರಿತು.

ವಿದ್ಯಾರ್ಥಿ ಮಿತ್ರರೇ, ಲಿಂಕನ್ನರು ಹುಟ್ಟಿನಿಂದಲೇ ದೊಡ್ಡವರಾಗಿರಲಿಲ್ಲ. ಅಂಗಡಿಯಲ್ಲಿ ಸೋತರು, ಚುನಾವಣೆಯಲ್ಲಿ ಸೋತರು, ಒಮ್ಮೆ ನ್ಯಾಯದ ಎದುರು ಪಕ್ಷದಲ್ಲಿಯೂ ನಿಂತರು. ಆದರೂ ನಿಂತಲ್ಲೇ ನಿಲ್ಲದೆ ಬೆಳೆದರು. ನಾವು ಅವರಿಂದ ಕಲಿಯಬೇಕಾದುದು ಇದನ್ನೇ.