ಎರಡನೇ ಸಲ ಕಡಲಿಗಿಳಿದ ಆರತಿ ಸಹಾ

ಹಡಗಲಿ ಸೀಮೆಯ ನಮಗೆ ತುಂಗಭದ್ರೆ ಹತ್ತಿರವಿದ್ದರೂ ಈಜು ಕಲಿಸಿದ್ದು ಹೊಲದ ಬಾವಿ. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ನಾವು ಹುಡುಗರು ಧುಮುಕುತ್ತಿದ್ದೆವು. ಜೊತೆಗೆ ಓದುತ್ತಿದ್ದ ಹುಡುಗಿಯರು ಬಾವಿಯ ದಂಡೆಗೂ ಬರುತ್ತಿರಲಿಲ್ಲ. ಆರತಿ ಸಹಾ ಅವರ ಬಗ್ಗೆ ಓದಿದಾಗ ಮೊದಲು ನೆನಪಾದದ್ದು ಅದೇ.

ಅವರು 1940ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಈಜುಗಾರ ಸಚಿನ್ ನಾಗ್ ಅವರ ಕೈಯಲ್ಲಿ ಪಳಗಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ 12 ತುಂಬಿರಲಿಲ್ಲ. ನಮ್ಮಲ್ಲಿ ಅದು ಆರನೇ ತರಗತಿಯ ವಯಸ್ಸು! ಪದಕವೇನೂ ಬರಲಿಲ್ಲ.

ಮುಂದೆ ಫ್ರಾನ್ಸ್‌ನಿಂದ ಇಂಗ್ಲೆಂಡಿಗೆ ಕಡಲಲ್ಲೇ ಈಜುವ ಹಂಬಲ. ಇಂಗ್ಲಿಷ್ ಕಡಲ್ಗಾಲುವೆಯ ಅಗಲ ಅಲ್ಲಿ ಸುಮಾರು 33 ಕಿ.ಮೀ. ಆದರೆ ಭರತ-ಇಳಿತದ ಸೆಳೆತ ಆಗಾಗ ದಿಕ್ಕು ಬದಲಿಸಿ ಈಜುಗಾರರನ್ನು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ನೇರ ದಾರಿ ಅನ್ನುವುದೇ ಇಲ್ಲ. 1959ರ ಆಗಸ್ಟ್ 27ರಂದು ಜೊತೆಗೆ ಬರಬೇಕಿದ್ದ ದೋಣಿ ತಡವಾಯಿತು, ಅನುಕೂಲದ ಹೊತ್ತು ಮೀರಿತು. ದಡ ಕೆಲವೇ ಮೈಲಿ ಇರುವಾಗ ಎದುರು ಸೆಳೆತಕ್ಕೆ ಸಿಕ್ಕಿ ಕೈಬಿಡಬೇಕಾಯಿತು.

ಸೆಪ್ಟೆಂಬರ್ 29ರಂದು ಮತ್ತೆ ಇಳಿದರು. 16 ಗಂಟೆ 20 ನಿಮಿಷ, 42 ಮೈಲಿ. ಹೆಚ್ಚುಕಡಿಮೆ ಕೊಟ್ಟೂರಿನಿಂದ ಹೊಸಪೇಟೆಯಷ್ಟು ದೂರ! ಆ ಕಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ ಅವರು. ಮರುವರ್ಷ ಪದ್ಮಶ್ರೀ ಬಂತು. 1994ರಲ್ಲಿ ಕಾಮಾಲೆಯಿಂದ ತೀರಿಕೊಂಡಾಗ 53 ವರ್ಷ.

ಕಳೆದ ಬೇಸಿಗೆ ನಮ್ಮಣ್ಣನ ಮಗಳು ಅದೇ ಬಾವಿಗಿಳಿದಳು. ಕ್ಯಾನು ನಾನೇ ಕಟ್ಟಿದೆ.