ಯಾವುದಕ್ಕಿಂತ ಚಿಕ್ಕದು? ಲೀವೆನ್‌ಹುಕ್ ಅವರ ಬದುಕು ಮತ್ತು ಒಂದು ವ್ಯಾಖ್ಯೆ

ಬರಿಗಣ್ಣಿಗೆ ಕಾಣದ ಜೀವಿಯೇ ಸೂಕ್ಷ್ಮಜೀವಿ ಎಂಬ ವ್ಯಾಖ್ಯೆಯನ್ನು ಎಂಟನೇ ತರಗತಿಯ ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಅದು ಎಷ್ಟು ಚಿಕ್ಕದು ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. ರಾವಂದೂರಿನ ಬೋಧನಾಭ್ಯಾಸಕ್ಕೆ ಪಾಠಯೋಜನೆ ಬರೆಯುವಾಗ ಪೀಠಿಕೆಗೆ ನಾನು ಆರಿಸಿಕೊಂಡದ್ದು ಆಂಟನಿ ವಾನ್ ಲೀವೆನ್‌ಹುಕ್ ಅವರ ಬದುಕನ್ನು.

ಅವರು 1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದರು. ಬುಟ್ಟಿ ಹೆಣೆಯುತ್ತಿದ್ದ ತಂದೆ ಬೇಗ ತೀರಿಕೊಂಡರು. ಮಗ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತು, 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದರು. ವಿಶ್ವವಿದ್ಯಾನಿಲಯದಲ್ಲಿ ಓದಿದವರಲ್ಲ, ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಬರುತ್ತಿರಲಿಲ್ಲ. ಬಟ್ಟೆಯ ನೂಲನ್ನು ಪರೀಕ್ಷಿಸಲು ವ್ಯಾಪಾರಿಗಳು ಮಸೂರ ಬಳಸುತ್ತಿದ್ದ ಕಾಲವದು. ಲೀವೆನ್‌ಹುಕ್ ತಾವೇ ಪುಟ್ಟ ಮಸೂರಗಳನ್ನು ಮಾಡಿ, ಎರಡು ಲೋಹದ ತಗಡುಗಳ ನಡುವೆ ಕೂರಿಸಿ, ಕೈಯಲ್ಲಿ ಹಿಡಿಯುವಂಥ ಸೂಕ್ಷ್ಮದರ್ಶಕ ತಯಾರಿಸಿದರು. ಇಂದು ಉಳಿದಿರುವವುಗಳಲ್ಲಿ ಒಂದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

1673ರಿಂದ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಪತ್ರ ಬರೆಯತೊಡಗಿದರು. ಸರೋವರದ ನೀರಿನಲ್ಲಿ, ಕಾಳುಮೆಣಸು ನೆನೆಸಿದ ನೀರಿನಲ್ಲಿ ಪುಟ್ಟ ಜೀವಿಗಳು ಓಡಾಡುವುದನ್ನು ಕಂಡರು. ಆಗ ಬ್ಯಾಕ್ಟೀರಿಯ ಎಂಬ ಪದವಿರಲಿಲ್ಲ, ಮೈಕ್ರೋಮೀಟರ್ ಎಂಬ ಮಾನವೂ ಇರಲಿಲ್ಲ. ಅವರು ಮರಳಿನ ಕಣ, ತಲೆಗೂದಲು, ಹೇನಿನ ಕಣ್ಣುಗಳ ಜೊತೆ ಹೋಲಿಸಿ ಗಾತ್ರ ಹೇಳಿದರು. ರಕ್ತಕಣದ ಅಗಲ ಅಂಗುಲದ 3000ದ ಒಂದು ಭಾಗವೆಂದು ಅಂದಾಜಿಸಿದರು. ಅಂದರೆ ಸುಮಾರು 8.5 ಮೈಕ್ರೋಮೀಟರ್, ಇಂದಿನ ಅಳತೆ 7ರಿಂದ 8.

1676ರ ಪತ್ರವನ್ನು ಲಂಡನ್ನಿನವರು ಸುಲಭವಾಗಿ ನಂಬಲಿಲ್ಲ. ಲೀವೆನ್‌ಹುಕ್ ತಮ್ಮೂರಿನ ಗಣ್ಯರಿಗೆ ತೋರಿಸಿ, ಅವರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. 1677ರಲ್ಲಿ ರಾಬರ್ಟ್ ಹುಕ್ ತಾವೂ ಕಂಡು ದೃಢಪಡಿಸಿದರು. 1680ರಲ್ಲಿ ಆ ಬಟ್ಟೆ ವ್ಯಾಪಾರಿ ಸೊಸೈಟಿಯ ಸದಸ್ಯರಾದರು. 1683ರಲ್ಲಿ ಹಲ್ಲಿನ ಪಾಚಿಯಲ್ಲಿದ್ದ ಜೀವಿಗಳನ್ನೂ ವರ್ಣಿಸಿದರು. 1723ರಲ್ಲಿ, 90 ತುಂಬಿದ ಮೇಲೆ ತೀರಿಕೊಂಡರು.

ಚಿಕ್ಕದು ಎಂದೊಡನೆ ಯಾವುದಕ್ಕಿಂತ ಎಂದೂ ಹೇಳುವ ಅವರ ಕ್ರಮವೇ ನಮಗೆ ಬೋಧನೋಪಕರಣ. ರಾವಂದೂರಿನ ಮಕ್ಕಳಿಗೆ ರಾಗಿಕಾಳು ಗೊತ್ತು. ಸಸಿಮಡಿಗೆ ಹಾಕುವ ಹೊಗೆಸೊಪ್ಪಿನ ಬೀಜವಂತೂ ಇನ್ನೂ ಸಣ್ಣದು. ಅರ್ಧ ಮಿಲಿಮೀಟರಿನ ಒಂದು ಬೀಜದ ಉದ್ದಕ್ಕೆ, ಒಂದು ಮೈಕ್ರೋಮೀಟರಿನ ಬ್ಯಾಕ್ಟೀರಿಯಗಳನ್ನು ಸಾಲಾಗಿ ಇಟ್ಟರೆ 500 ಹಿಡಿಯುತ್ತವೆ.

ವೈದ್ಯಕೀಯ ಪದಗಳಿಗೂ ಇದೇ ಪ್ರಶ್ನೆ ಬೇಕು. ಮೈಕ್ರೋ ಎಂದರೆ ಗ್ರೀಕಿನಲ್ಲಿ ಚಿಕ್ಕದು. ಆದರೆ ಮೈಕ್ರೋಸೆಫಲಿ ಎಂದರೆ ಕಣ್ಣಿಗೆ ಕಾಣದ ತಲೆಯಲ್ಲ. ಅದೇ ವಯಸ್ಸು, ಅದೇ ಲಿಂಗದ ಮಕ್ಕಳಲ್ಲಿ ಇರಬೇಕಾದುದಕ್ಕಿಂತ ಬಹಳ ಚಿಕ್ಕದಾದ ತಲೆ. ಮೈಕ್ರೋಸೈಟ್ ಎಂದರೆ ಸಾಮಾನ್ಯ ಗಾತ್ರಕ್ಕಿಂತ ಚಿಕ್ಕದಾದ ಕೆಂಪು ರಕ್ತಕಣ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಕಾಣುವಂಥದ್ದು. ಸೂಕ್ಷ್ಮಜೀವಿಯನ್ನು ಅಳೆಯುವುದು ಕಣ್ಣಿನ ಶಕ್ತಿಗೆ, ಇವೆರಡನ್ನು ಅಳೆಯುವುದು ಆರೋಗ್ಯವಂತ ದೇಹದ ಗಾತ್ರಕ್ಕೆ. ಹಾಗಾಗಿ ಮೌಲ್ಯಮಾಪನದಲ್ಲಿ ವ್ಯಾಖ್ಯೆ ಬರೆಯಿರಿ ಎಂಬುದರ ಬದಲು, ಪ್ರತಿ ಪದದ ಮುಂದೆ ಯಾವುದಕ್ಕಿಂತ ಚಿಕ್ಕದು ಎಂದು ಬರೆಯಿರಿ ಎಂಬ ಪ್ರಶ್ನೆ ಇಟ್ಟಿದ್ದೇನೆ.